ರಿಜೆಕ್ಟ್ ಬಿನ್ ಖಾಲಿ

11 ಅಕ್ಟೋಬರ್ 2005, ಮಂಗಳವಾರ

ಆಯುಧಪೂಜೆ. ಏಳಕ್ಕೇ ಫ್ಯಾಕ್ಟರಿಯಲ್ಲಿದ್ದೆ. ಕ್ಲೀನ್ ರೂಮಿನೊಳಗೆ ಹೂವು, ಕರ್ಪೂರ, ಕುಂಬಳಕಾಯಿ ಬೇಡವೆಂದು ಬೋರ್ಡ್ ಬರೆಸಿದವನೇ ನಾನು. ಮಾಲೀಕರು ವೆಂಕಟರಂಗಯ್ಯನವರು ನಕ್ಕರು. ಏನಾದರೂ ಇಡ್ರೀ ಶಿವಮೂರ್ತಿ, ನಿಮ್ಮ ಮಷೀನು, ನಿಮ್ಮ ಕೈಯಿಂದಲೇ ಆಗಲಿ ಅಂದರು. ಅಮ್ಮ ಕೊಟ್ಟ ವಿಭೂತಿ ಜೇಬಿನಲ್ಲಿತ್ತು. ಪ್ಯಾನೆಲ್, ಮೋಟಾರು, ಸೆನ್ಸರು... ಎಲ್ಲಕ್ಕೂ ಮೂರೆಳೆ. ಚಿಟಿಕೆ ವಿಭೂತಿಯಿಂದ ಏನಾಗುತ್ತೆ.

ಎಂಟು ತಿಂಗಳು ಒದ್ದಾಡಿ ನಾನೇ ಕಟ್ಟಿ ನಿಲ್ಲಿಸಿದ ಮಷೀನು. ಆಸ್ಪತ್ರೆಯ ಡ್ರಿಪ್ ಸೆಟ್ಟಿನಲ್ಲಿ ಔಷಧಿ ತೊಟ್ಟಿಕ್ಕುವ ಚೇಂಬರಿನೊಳಗೆ ಬಿಳಿ ಫಿಲ್ಟರ್ ಬಿಲ್ಲೆ ಕೂರಿಸುತ್ತದೆ. ಕೂತಿದೆಯೋ ಇಲ್ಲವೋ ಸೆನ್ಸರ್ ನೋಡುತ್ತದೆ. ಇಲ್ಲದಿದ್ದರೆ ರಿಜೆಕ್ಟ್ ಬಿನ್ನಿಗೆ. ಮೊದಲು ಈ ನೋಡುವ ಕೆಲಸ ಹನುಮಂತಮ್ಮನದು, ಹೆಬ್ಬೂರಿನಿಂದ ಬಸ್ಸಿನಲ್ಲಿ ಬರುತ್ತಾಳೆ. ಈಗ ಪ್ಯಾಕಿಂಗಿಗೆ ಹಾಕಿದ್ದೇವೆ.

13 ಅಕ್ಟೋಬರ್, ಗುರುವಾರ

ರಿಜೆಕ್ಟ್ ಸೊನ್ನೆ. ದಿನಾ ಹದಿನೈದು ಇಪ್ಪತ್ತಾದರೂ ಬೀಳುತ್ತಿತ್ತು. ಎರಡು ಸಲ ಬಿನ್ ಬಗ್ಗಿ ನೋಡಿದೆ. ಖಾಲಿ.

14 ಅಕ್ಟೋಬರ್, ಶುಕ್ರವಾರ

ಇವತ್ತೂ ಸೊನ್ನೆ. ಪೂಜೆಯ ಫಲ ಅಂದರು ಎಲ್ಲರೂ. ಮಾಲೀಕರು ಮೈಸೂರ್ ಪಾಕ್ ತರಿಸಿದರು. ಮುಂದಿನ ತಿಂಗಳು ನನ್ನ ಕನ್ಫರ್ಮೇಷನ್ ಅಂತೆ.

ಟೀ ಹೊತ್ತಿನಲ್ಲಿ ಹನುಮಂತಮ್ಮ ಒಂದು ಚೇಂಬರ್ ಹಿಡಿದು ಬಂದಳು, ಬಿಲ್ಲೆ ಇಲ್ಲ ನೋಡಿ ಸಾರ್ ಎಂದು. ಕೈಯಾಡಿಸುವಾಗ ಬಿದ್ದಿರಬೇಕು ಅಂದೆ. ಮಷೀನು ಮನುಷ್ಯರ ಹಾಗೆ ತೂಕಡಿಸಲ್ಲ ಅಂತಲೂ ಅಂದೆ. ತನ್ನ ಪ್ಯಾಕಿಂಗ್ ಟೇಬಲಿಗೆ ಹೋದಳು. ಹಳೆ ಕೆಲಸ ಹೋದ ಹೊಟ್ಟೆಯುರಿ, ಬೇರೇನಿಲ್ಲ.

17 ಅಕ್ಟೋಬರ್, ಸೋಮವಾರ, ಬೆಳಿಗ್ಗೆ 6.40

ದಿನಾ ಬೆಳಿಗ್ಗೆ ಬಿಲ್ಲೆಯಿಲ್ಲದ ಚೇಂಬರ್ ಒಂದನ್ನು ಹಾಕಿ ಸೆನ್ಸರ್ ಪರೀಕ್ಷಿಸಬೇಕು. ಹಬ್ಬದ ಮೇಲೆ ಮೂರು ದಿನವೂ ಹಾಕಿರಲಿಲ್ಲ. ಹಾಕಿದ್ದೇನೆಂದು ರಿಜಿಸ್ಟರಿಗೆ ಸೈನ್ ಮಾತ್ರ ಮಾಡಿದ್ದೆ. ಇವತ್ತು ಹಾಕಿದೆ. ಪಾಸ್. ಮತ್ತೆ ಹಾಕಿದೆ. ಪಾಸ್.

ಮಷೀನಿನ ಬಾಗಿಲು ತೆಗೆದು ನೋಡಿದೆ. ಸೆನ್ಸರಿನ ಕಣ್ಣಿನ ಮೇಲೆ ವಿಭೂತಿ. ಆ ಬಿಳುಪನ್ನೇ ಬಿಲ್ಲೆ ಅಂದುಕೊಂಡು ಮೂರು ದಿನ ಎಲ್ಲಕ್ಕೂ ಪಾಸ್ ಕೊಟ್ಟಿದೆ. ಇಪ್ಪತ್ತೆರಡು ಸಾವಿರ ಸೆಟ್ಟು. ಎಷ್ಟರಲ್ಲಿ ಬಿಲ್ಲೆಯಿಲ್ಲವೋ ಶಿವನೇ ಬಲ್ಲ. ಔಷಧಿಯ ಕಸ ರಕ್ತಕ್ಕೆ ಹೋಗದಂತೆ ತಡೆಯುವುದು ಅದೊಂದೇ.

ಸ್ಪಿರಿಟ್ ಹಾಕಿ ಒರೆಸಿದೆ. ಯಾರೂ ನೋಡಲಿಲ್ಲ. ಸರಕು ಇನ್ನೂ ಎರಡು ವಾರ ಸ್ಟೋರಿನಲ್ಲೇ ಇರುತ್ತದೆ. ಸಂಜೆ ಹೇಳುತ್ತೇನೆ. ನಾಳೆ ಖಂಡಿತ.

1 ನವೆಂಬರ್, ಮಂಗಳವಾರ

ರಾಜ್ಯೋತ್ಸವ, ರಜೆ. ನಿನ್ನೆ ಆ ಸೆಟ್ಟುಗಳ ಲಾರಿ ಹೋಯಿತು. ಗೇಟಿನವರೆಗೂ ಹಿಂದೆ ನಡೆದೆ. ಯಾರಿಗೂ ಹೇಳದೆ ವಾಪಸ್ ಬಂದೆ.

9 ನವೆಂಬರ್, ಬುಧವಾರ

ಪಕ್ಕದ ಮನೆ ಮಂಜುಳಮ್ಮನವರ ಮೊಮ್ಮಗುವಿಗೆ ಜ್ವರ. ನಮ್ಮ ಬಟವಾಡಿ ಬಡಾವಣೆಯಲ್ಲೇ ಕ್ಲಿನಿಕ್ಕು, ನೋಡಲು ಹೋದೆ. ಡ್ರಿಪ್ ಹಾಕಿದ್ದರು. ಮಗುವಿನ ಮುಖ ನೋಡಲಾಗಲಿಲ್ಲ, ಚೇಂಬರನ್ನೇ ನೋಡುತ್ತಿದ್ದೆ. ಅಷ್ಟು ದೂರಕ್ಕೆ ಬಿಲ್ಲೆ ಕಾಣುವುದಿಲ್ಲ. ಪ್ಯಾಕೆಟ್ಟಿನ ಮೇಲೆ ಬ್ಯಾಚ್ ನಂಬರ್ ಇರುತ್ತದೆ. ಮೂಲೆಯ ಕಸದ ಬುಟ್ಟಿಗೆ ಕೈ ಹಾಕಿದೆ.

"ಏನಪ್ಪಾ ಹುಡುಕ್ತಿದೀಯ ಅದ್ರಲ್ಲಿ?" ಅಂದರು ಮಂಜುಳಮ್ಮ.

ಪೆನ್ ಬಿತ್ತು ಅಂದೆ. ಪ್ಯಾಕೆಟ್ಟು ಬೇರೆ ಕಂಪನಿಯದು. ಹೊರಗೆ ಬಂದೆ. ಹೀಗೆ ಬುಟ್ಟಿ ಹುಡುಕಿದ್ದು ಇವತ್ತಿಗೆ ನಾಲ್ಕನೇ ಕ್ಲಿನಿಕ್ಕು. ಮನೆಯಲ್ಲಿ ನಲ್ಲಿ ತೊಟ್ಟಿಕ್ಕುವುದನ್ನೂ ಕೇಳಲಾಗುವುದಿಲ್ಲ. ಬಟ್ಟೆ ಕಟ್ಟಿದ್ದೇನೆ ಅದಕ್ಕೆ.

24 ನವೆಂಬರ್, ಗುರುವಾರ

ಗುಬ್ಬಿಯ ಒಂದು ನರ್ಸಿಂಗ್ ಹೋಮಿನಿಂದ ಮೂರು ಸೆಟ್ಟು ವಾಪಸ್. ಬಿಲ್ಲೆ ಇಲ್ಲ. ಯಾರೋ ನರ್ಸು ಹಾಕುವ ಮುಂಚೆಯೇ ನೋಡಿದಳಂತೆ, ಅವಳ ಹೊಟ್ಟೆ ತಣ್ಣಗಿರಲಿ. ಪೆಟ್ಟಿಗೆಯ ಚೀಟಿಯಲ್ಲಿ ಹನುಮಂತಮ್ಮನ ಟೇಬಲ್ ನಂಬರ್. ಕಣ್ಣು ಮುಚ್ಚಿಕೊಂಡು ತುಂಬಿದ್ದಾಳೆ ಎಂದು ಮಾಲೀಕರು ಅವಳನ್ನು ಕೆಲಸದಿಂದ ತೆಗೆದರು. ಆಮೇಲೆ ನನ್ನ ಕಡೆ ತಿರುಗಿದರು.

"ಮಷೀನ್ ಸರಿ ಇತ್ತಲ್ವೇನ್ರಿ?"

"ಇತ್ತು ಸಾರ್."

ಅವಳು ಅಲ್ಲೇ ನಿಂತಿದ್ದಳು. ಥೂ, ನಾನೂ ಒಬ್ಬ ಮನುಷ್ಯನಾ.

27 ನವೆಂಬರ್, ಭಾನುವಾರ

ಹೆಬ್ಬೂರಿಗೆ ಹೋಗಿ ಬಂದೆ. ಹಸುವಿಗೆ ಹುಲ್ಲು ಹಾಕುತ್ತಿದ್ದಳು. ಜಗುಲಿಯ ಮೇಲೆ ಕೂತು ವಿಭೂತಿ, ಸುಳ್ಳು ಸೈನು, ಎಲ್ಲ ಹೇಳಿದೆ. ಬುಡಿ ಸಾರ್ ಅನ್ನುತ್ತಾಳೆಂದು ಕಾದೆ. ನಿಜ ಹೇಳಬೇಕೆಂದರೆ, ಅದಕ್ಕೇ ಹೋಗಿದ್ದೆ. ಕೆಲಸ ವಾಪಸ್ ಕೊಡಿಸುತ್ತೇನೆ ಅಂದೆ. ಮಜ್ಜಿಗೆ ತಂದಿಟ್ಟಳು. ನಿಂತೇ ಇದ್ದಳು.

"ನನ್ ಕೆಲ್ಸ ಹಂಗಿರ್ಲಿ ಸಾರ್. ನನ್ ಹತ್ರ ಹೇಳುದ್ರೆ ಆ ಪೆಟ್ಗೆಗಳು ವಾಪಸ್ ಬಂದ್ಬುಡ್ತಾವಾ? ಈಗ್ಲೂ ಯಾರ್ಗೋ ಹಾಕ್ತಾ ಇರ್ತಾರೆ. ನೀವಿಲ್ಲಿ ಕೂತಿದೀರಾ."

ಮಜ್ಜಿಗೆ ಮುಟ್ಟದೆ ಎದ್ದೆ.

ಅದೇ ದಿನ, ಸಂಜೆ 4.20

ಮಾಲೀಕರ ಮನೆಯ ವರಾಂಡ. ಮಲಗಿದ್ದಾರೆ, ಕೂತಿರಿ ಅಂದರು ಅವರ ಮನೆಯವರು. ಎಬ್ಬಿಸಿ ಅನ್ನುವ ಧೈರ್ಯವೂ ಇಲ್ಲ ನನಗೆ. ಯಾವ ಊರಿಗೆ ಎಷ್ಟು ಪೆಟ್ಟಿಗೆ ಹೋಯಿತೆಂದು ಪಟ್ಟಿ ಮಾಡಿಕೊಂಡಿದ್ದೇನೆ. ಕುಣಿಗಲ್ಲಿಗೇ ಹೆಚ್ಚು. ಇವತ್ತೇ ಒಂದೊಂದು ಔಷಧಿ ಅಂಗಡಿಗೂ ಫೋನ್ ಮಾಡಿಸಬೇಕು. ಪೊಲೀಸ್ ಅಂದರೂ ಸರಿ.

ಒಳಗೆ ಫೋನು. ಎದ್ದರು ಅನ್ನಿಸುತ್ತದೆ. ಅವರದೇ ದನಿ.

ಕುಣಿಗಲ್ಲಾ, ಅನ್ನುತ್ತಿದ್ದಾರೆ. ಯಾವಾಗ. ಎಷ್ಟು ವರ್ಷ.



ಬ್ಯಾಚ್ ನಂಬರ್ ಓದಿ ಅನ್ನುತ್ತಿದ್ದಾರೆ. ಅದು ನನಗೆ ಬಾಯಿಪಾಠ. ಒಳಗೆ ಹೋಗುತ್ತಿದ್ದೇನೆ.