ಕಣ್ಣಿನ ಹನಿ, ಮೂರು ಸಾಲು

ಮಾರ್ಚ್ 3, ಬೆಳಿಗ್ಗೆ 9.40
ಕಣ್ಣಿನ ಆಸ್ಪತ್ರೆಯ ವೆಬ್‌ಸೈಟಿಗೆ ಇನ್ನೂ ನಾಲ್ಕು ಪುಟ. ಆಪರೇಷನ್ ನಂತರದ ಸೂಚನೆ ತುಂಬಲು ಬೇರೆಯೇ ಖಾನೆ, ಒಂದು ಫೀಲ್ಡ್, ಮಾಡಿದೆ. ನರ್ಸಕ್ಕ ಅದರಲ್ಲಿ ಟೈಪ್ ಮಾಡಿದರೆ ಸಾಕು, ಪುಟದಲ್ಲಿ ತಾನಾಗಿ ಕಾಣುತ್ತದೆ. ಸಲೀಸು. ನನ್ನ ಕೆಲಸವೆಂದರೆ ಹಾಗೇ.

ಮಾರ್ಚ್ 11, ಮಧ್ಯಾಹ್ನ
ಗಲಾಟೆ. ಆಪರೇಷನ್ ಆದ ಟೈಲರ್ ತಾತ ಕಣ್ಣು ಕೆಂಡದಂತಾಗಿ ವಾಪಸ್ ಬಂದಿದ್ದಾರೆ. ಮಗಳು ಮೊಬೈಲ್ ಎತ್ತಿ ಹಿಡಿದಳು.
"ನೀವೇ ಬರ್ದಿದೀರಲ್ಲ, ನಾಲ್ಕು ಸಲ ನೀಲಿ ಬಾಟಲಿ ಅಂತ!"
ನೀಲಿ ಮಲಗುವಾಗ ಮಾತ್ರ. ನಾಲ್ಕು ಸಲ ಹಾಕಬೇಕಾದ್ದು ಬಿಳಿ.
ದೊಡ್ಡ ಡಾಕ್ಟರ್ ನರ್ಸಕ್ಕನ ಮೇಲೆ ಹರಿಹಾಯ್ದರು. "ಟೈಪ್ ಮಾಡೋಕೂ ಬರಲ್ವೇನಮ್ಮ?"
"ಒಂದೊಂದೇ ಸಾಲು ಹಾಕಿದ್ದೆ ಸರ್."
ನನ್ನತ್ತ ನೋಡಿದರು. "ಸೈಟ್ ಸರಿಯಾಗಿದೆ ಸರ್" ಅಂದೆ. ನೋಡದೆಯೇ ಅಂದೆ.

ಅದೇ ದಿನ, 4.15
ಫೀಲ್ಡ್ ತೆರೆದೆ. ಅಕ್ಕ ಹಾಕಿದ್ದು ಅಚ್ಚುಕಟ್ಟಾಗಿದೆ, ಒಂದರ ಕೆಳಗೊಂದು:
ಬಿಳಿ ಬಾಟಲಿ ನಾಲ್ಕು ಸಲ
ನೀಲಿ ಬಾಟಲಿ ಮಲಗುವಾಗ
ಕಣ್ಣು ಉಜ್ಜಬೇಡಿ
ಪುಟದಲ್ಲಿ ಮೂರೂ ಅಂಟಿಕೊಂಡು ಒಂದೇ ಸಾಲು! 'ನಾಲ್ಕು ಸಲ ನೀಲಿ ಬಾಟಲಿ' — ಯಾರಾದರೂ ಹಾಗೇ ಓದುತ್ತಾರೆ. ಹೊಸ ಸಾಲನ್ನು ಉಳಿಸಲು ಸೆಟ್ಟಿಂಗ್‌ನಲ್ಲಿ ಒಂದು ಟಿಕ್ ಹಾಕಬೇಕಿತ್ತು. ನಾನು ಹಾಕಿಲ್ಲ.
ಈಗ ಹಾಕಿದೆ. ಎರಡು ಕ್ಷಣದ ಕೆಲಸ. ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ತಿಳಿಯುವುದಿಲ್ಲ...

ಮಾರ್ಚ್ 14
ಮೂರು ದಿನದಿಂದ ಅಕ್ಕನ ಕುರ್ಚಿ ಖಾಲಿ. ಒಂದು ವಾರ ಬರಬೇಡ ಅಂದಿದ್ದಾರಂತೆ. ಊಟದ ಡಬ್ಬಿ ಅರ್ಧಕ್ಕೇ ಮುಚ್ಚಿದೆ. ಎದ್ದು ನೇರ ಡಾಕ್ಟರ ರೂಮಿಗೆ ಹೋದೆ.
"ಸರ್, ತಪ್ಪು ನಂದು. ಅಕ್ಕಂದಲ್ಲ."
ಎಲ್ಲ ಕೇಳಿದರು. "ಅವತ್ತೇ ಯಾಕೆ ಹೇಳ್ಲಿಲ್ಲ?"
"ಕೊಬ್ಬು, ಸರ್."
ಬೈದರು, ಚೆನ್ನಾಗಿಯೇ. ಆಮೇಲೆ ನನ್ನೆದುರೇ ಅಕ್ಕನಿಗೆ ಫೋನ್ ಮಾಡಿ ಕ್ಷಮೆ ಕೇಳಿದರು. ತಾತನ ಕಣ್ಣು ತಿಳಿಯಾಗುತ್ತಿದೆಯಂತೆ. ಮಗಳ ಹತ್ತಿರ ನಾನೇ ಮಾತಾಡಿದೆ.

ಮಾರ್ಚ್ 15, 11.30
ಅಕ್ಕ ಬೆಳಿಗ್ಗೆಯೇ ಬಂದರು. ನನ್ನ ಮುಖ ನೋಡಲಿಲ್ಲ. ಅರ್ಧ ಗಂಟೆಯ ನಂತರ ಕುರ್ಚಿ ಎಳೆದುಕೊಂಡು ಪಕ್ಕದಲ್ಲೇ ಕೂತರು.
"ಎಲ್ಲಾ ಪುಟ ತೆಗಿ. ನಾನು ಪೇಷೆಂಟ್ ಥರ ಓದ್ತೀನಿ. ನಾನು ಸೈ ಅನ್ನೋ ತನಕ ಪಬ್ಲಿಷ್ ಒತ್ತಬೇಡ, ತಿಳೀತಾ?"
"ಆಯ್ತಕ್ಕ."
"ತಲೆ ಅಲ್ಲಾಡಿಸ್ಬೇಡ, ತೆಗಿ."
ಹನ್ನೊಂದು ಪುಟ ಮುಗಿದಿವೆ. ನಾನು ಚೆನ್ನಾಗಿವೆ ಅಂದುಕೊಂಡಿದ್ದವುಗಳಲ್ಲೇ ಆರು ತಿದ್ದಿದೆವು. ಈ ಸಲ ನಿಜವಾಗಿ ಚೆನ್ನಾಗಿವೆ. ಟೀ ತರಲು ಎದ್ದವಳು ಇದನ್ನು ಬರೆಯುತ್ತಿದ್ದೇನೆ, ಅಲ್ಲಿಂದ ಅಕ್ಕ ಕರೆಯುತ್ತಿದ್ದಾರೆ —
"ಬಾರೇ ಇಲ್ಲಿ, ಹನ್ನೆರಡನೇ ಪುಟದಲ್ಲಿ ನಂದೇ ಒಂದು ತಪ್ಪು ಸಿಕ್ತು, ನೋಡು..."