ತೊಗರಿ ಒಣಗಿದಷ್ಟು ತೂಕ

ನಿಲಂಗಾ
೯ ಆಗಸ್ಟ್ ೨೦೨೫, ಶನಿವಾರ

ಚಿ. ಸೌ. ಸಪ್ನಾಳಿಗೆ,

ಮೊನ್ನೆ ಗುರುವಾರ ಇಲ್ಲಿಯ ವಿಚಾರಣಾ ಆಯೋಗದ ಮುಂದೆ ಬಾಲಾಘಾಟ ಗೋದಾಮು ಮಂಡಳಿಯ ಹಿಂದಿನ ಎಂ.ಡಿ. ಅಮರನಾಥ ಸಾಹೇಬರು ‘ನನಗೆ ಗೊತ್ತಿರಲಿಲ್ಲ’ ಎಂದು ಹನ್ನೊಂದು ಸಲ ಹೇಳಿದರು. ಎಣಿಸಿದ್ದು ನಾನಲ್ಲ, ಲಾತೂರಿನ ಮರಾಠಿ ಪತ್ರಿಕೆಯ ವರದಿಗಾರ. ನಾನೂ ಮೂರನೆಯ ಸಾಲಿನಲ್ಲಿ ಕುಳಿತಿದ್ದೆ. ಎಣಿಸುವಷ್ಟು ಸಮಾಧಾನ ನನಗಿರಲಿಲ್ಲ.

ಕಲಬುರಗಿಯಲ್ಲಿ ನೀವೆಲ್ಲ ಕ್ಷೇಮವೆಂದು ತಿಳಿದಿದ್ದೇನೆ. ಪಂಚಮಿಗೆ ನೀನು ಕಳಿಸಿದ ಉಂಡಿ ಮುಟ್ಟಿದವು. ಜೊತೆಗಿದ್ದ ಚೀಟಿಯೂ ಮುಟ್ಟಿತು. ಅದರಲ್ಲಿ ನೀನು, ‘ದೊಡ್ಡಪ್ಪ, ಅವತ್ತು ಕೋರ್ಟಿಗೆ ಬರುವಾಗ ನಿಮ್ಮ ಬಸ್ ಕೆಡದಿದ್ದರೆ ಅಪ್ಪ ಉಳಿಯುತ್ತಿದ್ದರೇನೋ, ಆದರೆ ನೀವದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ’ ಎಂದು ಬರೆದಿದ್ದೆ. ಉತ್ತರ ತಡವಾದದ್ದು ಅದಕ್ಕೇ. ನಿನ್ನ ದೊಡ್ಡವ್ವ ಕುಸುಮಬಾಯಿ ನಾನು ಕಾಗದ ತೆಗೆದುಕೊಂಡು ಕುಳಿತದ್ದನ್ನು ನೋಡಿ, “ಫೋನ್ ಹಚ್ಚಿದ್ರ ಎರಡು ಮಿನಿಟಿನ ಕೆಲಸ. ಪೇಪರ್ ಓದಿ ಓದಿ ನೀವೂ ಪೇಪರ್‌ನಂಗೇ ಆಗೀರಿ” ಎಂದಳು. ಇದು ಫೋನಿನಲ್ಲಿ ಹೇಳುವ ಮಾತಲ್ಲ ಎಂದು ಅವಳಿಗೆ ಹೇಳಲಿಲ್ಲ.

ನಿನಗೆ ಗೊತ್ತಿರುವುದನ್ನೂ ಸ್ವಲ್ಪ ಬರೆಯುತ್ತೇನೆ. ಮುಂದೆ ನಿನ್ನ ಮಕ್ಕಳು ಓದಿದರೆ ತಿಳಿಯಲಿ. ಜನವರಿಯಲ್ಲಿ ಹಸಿ ತೊಗರಿ ಗೋದಾಮಿಗೆ ಬಂದಾಗ ತೂಗಿ ಮಂಡಳಿಯ ಕಂಪ್ಯೂಟರಿಗೆ ಹಾಕುತ್ತಿದ್ದರು. ಮೇ ತಿಂಗಳಲ್ಲಿ ಅದೇ ತೊಗರಿ ಹೊರಗೆ ಹೋಗುವಾಗ ಒಣಗಿ ಹಗುರವಾಗಿರುತ್ತಿತ್ತು. ಕಂಪ್ಯೂಟರ್ ಅಷ್ಟನ್ನೂ ಕಳವು ಎಂದು ತೋರಿಸಿತು. ಉಮರ್ಗಾ, ನಿಲಂಗಾ, ಉದಗೀರ ಈ ಮೂರೂ ಕಡೆ ಸೇರಿ ಮೂವತ್ತೊಂದು ಗೋದಾಮಿನವರ ಮೇಲೆ ಮಂಡಳಿ ಕೇಸು ಹಾಕಿತು. ಗುಂಜೋಟಿಯ ಗೋದಾಮು ನೋಡಿಕೊಳ್ಳುತ್ತಿದ್ದ ನಿನ್ನ ಅಪ್ಪ, ನನ್ನ ತಮ್ಮ ಧನರಾಜ, ಅವರಲ್ಲಿ ಹನ್ನೆರಡನೆಯವನು. ಹದಿನಾಲ್ಕು ತಿಂಗಳು ಜೈಲಿನಲ್ಲಿದ್ದ. ಹೋದ ವರ್ಷ ಮೇಲಿನ ಕೋರ್ಟು ಎಲ್ಲರ ಶಿಕ್ಷೆಯನ್ನೂ ರದ್ದು ಮಾಡಿತು. ಆಗ ಅವನು ತೀರಿಹೋಗಿ ಮೂರು ವರ್ಷವಾಗಿತ್ತು.

ರೈತರ ಕಾಳು ಮಾರಿಸಿಕೊಡುವ ನಮ್ಮ ಅಡತಿ ಅಂಗಡಿಯಲ್ಲಿ ಒಣಗಿ ಇಳಿಯುವ ಈ ತೂಕಕ್ಕೆ ‘ಘಟ’ ಎನ್ನುತ್ತೇವೆ. ಸಂಕ್ರಾಂತಿಗೆ ತುಂಬಿದ ತೊಗರಿಯನ್ನು ಬಸವ ಜಯಂತಿಗೆ ತೆಗೆದರೆ ಕ್ವಿಂಟಲಿಗೆ ಎರಡೂವರೆ ಕಿಲೋ ಘಟ ಬಿಡಬೇಕೆಂದು ನಮ್ಮಪ್ಪ ನಮ್ಮಿಬ್ಬರಿಗೂ ಕಲಿಸಿದ್ದರು. ಒಣಗಿದೆಯೋ ಇಲ್ಲವೋ ನೋಡಲು ಒಂದು ಕಾಳು ಹಲ್ಲಿಗೆ ಕೊಟ್ಟರಾಯಿತು. ಹಸಿ ಕಾಳು ಮೆತ್ತಗೆ ಒತ್ತುತ್ತದೆ, ಒಣಗಿದ್ದು ಕಟ್ಟೆಂದು ಒಡೆಯುತ್ತದೆ. ಧನರಾಜ ಕಡಿದೂ ಕಡಿದೂ ಅವನ ಎಡದವಡೆಯ ಒಂದು ಹಲ್ಲು ಸವೆದಿತ್ತು. ಈಗ ಅಂಗಡಿಯಲ್ಲಿ ಗಿರಾಕಿ ಇಲ್ಲದಾಗ ಬೆನ್ನ ಹಿಂದೆ ಕಟ್ಟೆಂಬ ಆ ಸದ್ದು ಕೇಳುತ್ತದೆ. ತಿರುಗಿ ನೋಡಿದರೆ ಚೀಲಗಳಷ್ಟೇ ಇರುತ್ತವೆ. ಮೊದಮೊದಲು ಇಲಿ ಎಂದುಕೊಂಡೆ. ಕುಸುಮಬಾಯಿ ಬೋನು ಇಟ್ಟಳು. ಏನೂ ಬೀಳಲಿಲ್ಲ.

ಗುರುವಾರದ ಸುದ್ದಿಗೆ ಬರುತ್ತೇನೆ. ಆಯೋಗದ ವಕೀಲರು ಹಳೆಯ ಕಾಗದವೊಂದನ್ನು ಓದಿದರು. ೨೦೧೫ರಲ್ಲಿ ಧನರಾಜನೇ ಮಂಡಳಿಗೆ ಬರೆದದ್ದು: ತೊಗರಿ ಒಣಗುತ್ತದೆ, ಕಂಪ್ಯೂಟರಿನಲ್ಲಿ ಘಟ ಬಿಡಲು ಜಾಗವಿಲ್ಲ, ದಯವಿಟ್ಟು ಸರಿಪಡಿಸಿ. ಕೆಳಗೆ ‘ನೋಡಿದೆ’ ಎಂದು ಅಮರನಾಥ ಸಾಹೇಬರ ಸಹಿಯಿತ್ತು. ಸಾಹೇಬರು ಕನ್ನಡಕ ಹಾಕಿಕೊಂಡು ನೋಡಿ, ಸಹಿ ನನ್ನದೇ, ಓದಿದ ನೆನಪಿಲ್ಲ ಎಂದರು.

ಆಗ ಬಕ್ಕಪ್ಪ ಎದ್ದ. ಉಮರ್ಗಾ ಗೋದಾಮಿನಲ್ಲಿದ್ದವನು, ಮೂವತ್ತೊಂದು ಜನರಲ್ಲಿ ಎಲ್ಲರಿಗಿಂತ ಹಿರಿಯ. ಹೋಗಿ ಸಾಹೇಬರ ಮುಂದೆ ಎರಡು ತೊಗರಿ ಕಾಳು ಇಟ್ಟ. “ಕಡೀರಿ ಸಾಹೇಬ್ರ. ಒಂದಕ್ಕ ಮುಂಜಾನೆ ನೀರು ತಾಗಿಸೀನಿ, ಒಂದು ಒಣಗಿದ್ದದ. ಯಾವುದು ಯಾವುದು ಹೇಳ್ರಿ. ನನ್ನ ಮೊಮ್ಮಗಳು ಹೇಳ್ತಾಳ” ಎಂದ. ಸಾಹೇಬರ ಹಲ್ಲು ಸರಿಯಿಲ್ಲ ಎಂದು ಅವರ ವಕೀಲರು ಅಡ್ಡಬಂದರು. “ಹಲ್ಲಿಗೇನಾಗ್ಯದ? ನಮ್ಮನ್ನ ತಿಂದಾಗ ನೆಟ್ಟಗೇ ಇದ್ದವಲ್ಲ” ಎಂದ ಬಕ್ಕಪ್ಪ. ಜನ ನಕ್ಕರು. ಇದು ಸಾಕ್ಷ್ಯವಾಗುವುದಿಲ್ಲ, ಹೋಗಿ ಕುಳಿತುಕೊಳ್ಳಿ ಎಂದು ನಿವೃತ್ತ ನ್ಯಾಯಮೂರ್ತಿಗಳು ಮೆಲ್ಲಗೆ ಹೇಳಿದರು. ಕಾಳುಗಳು ಮಾತ್ರ ಸಂಜೆಯವರೆಗೂ ಮೇಜಿನ ಮೇಲೆಯೇ ಇದ್ದವು. ಸಾಹೇಬರು ಅವುಗಳ ಮೇಲೆ ಒಂದು ಕಾಗದ ಸರಿಸಿದರು.

ಕೊನೆಗೆ ಸಾಹೇಬರು ಹೇಳಿದ್ದನ್ನು ಪತ್ರಿಕೆ ಸರಿಯಾಗಿಯೇ ಹಾಕಿದೆ: ತೂಕ ಕಡಿಮೆ ಬಂದವನೇ ‘ಒಣಗಿತು’ ಎಂದರೆ ನಂಬುವುದು ಹೇಗೆ? ಮೂರು ತಾಲೂಕುಗಳಲ್ಲಿ ಇಷ್ಟು ವ್ಯಾಪಾರಿಗಳಿದ್ದಾರೆ, ಒಬ್ಬನಾದರೂ ಕೋರ್ಟಿಗೆ ಬಂದು ಹೇಳಿದ್ದರೆ ಕೇಸುಗಳನ್ನು ಅಂದೇ ಹಿಂದೆ ಪಡೆಯುತ್ತಿದ್ದೆ. ಯಾರೂ ಬರಲಿಲ್ಲ ಎಂದರು. ಅವರ ವಕೀಲರು ಅದಕ್ಕೆ ಸೇರಿಸಿ, ಉದಗೀರದ ಕೋರ್ಟಿನಲ್ಲಿ ನಡೆದ ಒಂದು ಕೇಸಿನಲ್ಲಂತೂ ಆರೋಪಿಯ ಸ್ವಂತ ಸಾಕ್ಷಿಯೇ ಗೈರುಹಾಜರು ಎಂದರು. ಹೆಸರು ಹೇಳಲಿಲ್ಲ. ಬಕ್ಕಪ್ಪ ತಿರುಗಿ ನನ್ನತ್ತ ನೋಡಿದ.

ನಿನ್ನ ಅವ್ವ ತುಳಜಾಬಾಯಿಗೆ ಇದನ್ನು ಓದಿ ಹೇಳಬೇಕೋ ಬೇಡವೋ ನೀನೇ ತೀರ್ಮಾನಿಸು. ಮಕ್ಕಳಿಗೆ ನನ್ನ ಆಶೀರ್ವಾದ. ನಿನ್ನ ಮನೆ ಹಾಲು ಉಕ್ಕಿದಂತೆ ಇರಲಿ. ಯಾವ ಬಾಗಿಲಲ್ಲೂ ನಿನ್ನ ತಲೆ ತಗ್ಗದಿರಲಿ.

ನಿನ್ನ ದೊಡ್ಡಪ್ಪ,
ರೇವಣಸಿದ್ಧ

ತಾ.ಕ.: ಬಸ್ ಕೆಟ್ಟಿರಲಿಲ್ಲ, ಸಪ್ನಾ. ೨೦೧೭ರ ಮಾರ್ಚ್ ೧೪ರಂದು ಬೆಳಿಗ್ಗೆ ಹತ್ತೂವರೆಗೇ ನಾನು ಉದಗೀರದ ಕೋರ್ಟಿನಲ್ಲಿದ್ದೆ. ಘಟದ ಬಗ್ಗೆ ಸಾಕ್ಷಿ ಹೇಳಲು ನಿನ್ನ ಅಪ್ಪ ಕರೆದದ್ದು ನನ್ನೊಬ್ಬನನ್ನೇ.

ಹಿಂದಿನ ದಿನ ಅಮರನಾಥ ಸಾಹೇಬರು ಫೋನ್ ಮಾಡಿದ್ದರು. ಯೆಣೆಗೂರಿನಲ್ಲಿ ನಾನು ಹೊಸದಾಗಿ ಕಟ್ಟಿಸಿದ ಗೋದಾಮನ್ನು ಮಂಡಳಿಗೆ ಬಾಡಿಗೆಗೆ ಕೊಡುವ ಕಾಗದ ಅವರ ಮೇಜಿನ ಮೇಲಿತ್ತು. “ರೇವಣಸಿದ್ಧಪ್ಪ, ತೊಗರಿ ಒಣಗ್ತದ ಅಂತ ನನಗೂ ಗೊತ್ತದ ರೀ. ನಾನೂ ಅಡತಿ ಮನ್ಯಾಗೇ ಹುಟ್ಟೀನಿ. ಅದನ್ನ ಕೋರ್ಟಿಗಿ ಯಾಕ ಹೇಳ್ತೀರಿ? ನಿಮ್ಮ ಕಾಗದಕ್ಕ ಶುಕ್ರವಾರ ಸಹಿ ಮಾಡ್ತೀನಿ” ಎಂದರು. ಶುಕ್ರವಾರ ಸಹಿಯಾಯಿತು.

ಕೋರ್ಟಿನ ಸಿಪಾಯಿ ನನ್ನ ಹೆಸರನ್ನು ಮೂರು ಸಲ ಕೂಗಿದ. ನಾನು ಅಂಗಳದಲ್ಲಿ ಚಹಾದ ಗಾಡಿಯ ಹಿಂದೆ ನಿಂತಿದ್ದೆ. ಮೂರನೆಯ ಕೂಗಿಗೆ ಧನರಾಜನೇ ಬಾಗಿಲಿಗೆ ಬಂದ. ನನ್ನನ್ನು ನೋಡಿದ. ಆಮೇಲೆ ತಿರುಗಿ ತನ್ನ ವಕೀಲರಿಗೆ, ನನಗೂ ಕೇಳಿಸುವಂತೆ, “ಅಣ್ಣನ ಬಸ್ ಕೆಟ್ಟದಂತ್ರೀ” ಎಂದ. ಆ ಸುಳ್ಳು ಅವನದು. ಎಂಟು ವರ್ಷ ಅದನ್ನು ಹೊದ್ದುಕೊಂಡವನು ನಾನು. ಬದುಕಿರುವವರೆಗೂ ಅವನು ಅದರ ಮಾತೆತ್ತಲಿಲ್ಲ.

ನಿನ್ನೆ ಆಯೋಗದ ಕಚೇರಿಗೆ ಹೋಗಿ ಹೆಸರು ಕೊಟ್ಟು ಬಂದೆ. ಫೋನಿನ ಮಾತನ್ನೂ ಶುಕ್ರವಾರದ ಸಹಿಯನ್ನೂ ಬರೆದುಕೊಟ್ಟಿದ್ದೇನೆ. ಪತ್ರಿಕೆಯಲ್ಲಿ ಬರುವ ಮೊದಲು ನಿನಗೆ ನನ್ನಿಂದಲೇ ತಿಳಿಯಬೇಕಾಗಿತ್ತು.

ಮುಂದಿನ ವಿಚಾರಣೆ ಮಂಗಳವಾರ, ಆಗಸ್ಟ್ ೧೯, ಬೆಳಿಗ್ಗೆ ಹನ್ನೊಂದಕ್ಕೆ, ನಿಲಂಗಾದಲ್ಲಿ. ನಾನು ಏಳನೆಯ ಸಾಕ್ಷಿ.