ಕನ್ನಡಕದ ಮೇಲಿಟ್ಟ ಟೋಪಿ

ಚಿರಂಜೀವಿ ಮಗಳಿಗೆ, ನಿನ್ನ ತಂದೆಯ ಮೇಷ್ಟರ ಆಶೀರ್ವಾದಗಳು.

ತೀರಿಕೊಂಡ ನಿನ್ನ ತಂದೆಯ ಜೀವನಚರಿತ್ರೆಯ ಕರಡನ್ನು ಓದಿದೆ. ನಾಲ್ಕನೆಯ ಅಧ್ಯಾಯದಲ್ಲೊಂದು ತಪ್ಪಿದೆ. ಯುದ್ಧದಲ್ಲಿ ಮಡಿದವರ ನಿಜವಾದ ಸಂಖ್ಯೆಯನ್ನು ಕೈಬರಹದ ಕರಪತ್ರದಲ್ಲಿ ಬಯಲುಮಾಡಿದ ಸೇನಾ ಕಚೇರಿಯ ಗುಮಾಸ್ತನನ್ನು, ಗುಪ್ತಚರ ಮುಖ್ಯಸ್ಥರಾಗಿದ್ದ ನಿನ್ನ ತಂದೆ ಸ್ವಂತ ಚಾಣಾಕ್ಷತನದಿಂದ ಪತ್ತೆಹಚ್ಚಿದರೆಂದು ಬರೆದಿರುವೆ. ಪತ್ತೆ ಹೇಳಿದವನು ನಾನು.

ಶಿಷ್ಯನಾದ್ದರಿಂದ ಏಕವಚನ ಬಳಸುತ್ತೇನೆ, ಕ್ಷಮಿಸು. ಊರಿನ ಅರ್ಧದಷ್ಟು ಗುಮಾಸ್ತರಿಗೆ ಅಕ್ಷರ ಕಲಿಸಿದವನು ನಾನೆಂದು ಅವನು ನನ್ನಲ್ಲಿಗೆ ಬಂದ. ಭಾನುವಾರ, ಬೆಳಿಗ್ಗೆ ಹತ್ತೂಕಾಲಿಗೆ, ಕಿರಿಯ ಅಧಿಕಾರಿಯೊಬ್ಬನೊಡನೆ. ಹೆಸರು ಕೇಳಿದರೆ ಊರಿಗೆ ಊರೇ ನಡುಗುತ್ತಿದ್ದ ಮನುಷ್ಯ ಕುರ್ಚಿಯ ತುದಿಯಲ್ಲಿ ಕುಳಿತು, “ದೇಶದ ಗುಟ್ಟೆಲ್ಲಾ ನನ್ನ ಕೈಲಿದೆ ಮೇಷ್ಟ್ರೇ, ನಿಮ್ಮ ಪ್ರಶ್ನೆಪತ್ರಿಕೆ ಮಾತ್ರ ಒಂದ್ಸಲಾನೂ ಸಿಗ್ಲಿಲ್ಲ” ಎಂದು ನಗಿಸಿದ. ಟೋಪಿ ತೆಗೆದು, ಮೇಜಿನ ಮೇಲಿದ್ದ ನನ್ನ ಕನ್ನಡಕದ ಮೇಲಿಟ್ಟ. ಬಳಿಕ ಕರಪತ್ರ ಚಾಚಿ, ಇದು ಯಾರ ಅಕ್ಷರವೆಂದು ಕೇಳಿದ.

“ಗೊತ್ತಾಗ್ದಿದ್ರೆ ಬಿಡಿ ಮೇಷ್ಟ್ರೇ” ಎಂದು ಎರಡು ಸಲ ಹೇಳಿದ.

ಮೂವತ್ತಾರು ವರ್ಷ ಕಾಪಿ ಪುಸ್ತಕ ತಿದ್ದಿದವನನ್ನು ಕೆಣಕಿದಂತಾಯಿತು. ಟೋಪಿ ಎತ್ತಿಟ್ಟು ಕನ್ನಡಕ ಹಾಕಿಕೊಂಡೆ. “ಇದೇನಯ್ಯಾ, ನಿನ್ನ ಪಕ್ಕದಲ್ಲೇ ಕೂರ್ತಿದ್ದನಲ್ಲ, ಅವನದು!” ಎಂದು ಹೆಸರು ಹೇಳಿದೆ. ಅಧಿಕಾರಿ ಬರೆದುಕೊಂಡ. ನಿನ್ನ ತಂದೆ ಟೋಪಿಯನ್ನು ಮರೆತೇ ಎದ್ದುಹೋದ. ಆ ಮಧ್ಯಾಹ್ನವೇ ಅವರು ಹಿಡಿದೊಯ್ದ ಗುಮಾಸ್ತ ಮರಳಲಿಲ್ಲ.

ನಿನ್ನ ತಂದೆ ಹಾಸಿಗೆ ಹಿಡಿದಾಗ ನೋಡಲು ಬಂದಿದ್ದೆನಷ್ಟೆ. ನೀನು ಔಷಧ ತರಲು ಹೋದೊಡನೆ ಬಾಯಿಬಿಟ್ಟ: “ಆ ಅಕ್ಷರ ನನಗೆ ಗೊತ್ತಾಗ್ಲಿಲ್ಲ ಅಂದ್ಕೊಂಡ್ರಾ ಮೇಷ್ಟ್ರೇ? ಒಂದೇ ಬೆಂಚಲ್ಲಿ ಕೂತವರು ನಾವು. ನೀವು ಗೊತ್ತಿಲ್ಲ ಅಂದಿದ್ರೆ ಆ ಅಧಿಕಾರಿ ಹಾಗೇ ಬರ್ಕೊಳ್ತಿದ್ದ, ನಾನು ಫೈಲ್ ಮುಚ್ತಿದ್ದೆ. ನನ್ನ ಬಾಯಲ್ಲಿ ಬರದ ಸುಳ್ಳು ನಿಮ್ಮ ಬಾಯಲ್ಲಾದ್ರೂ ಬರ್ಲಿ ಅಂತ ಬಂದಿದ್ದೆ. ಇಲ್ದಿದ್ರೆ ಟೋಪಿನ ನಿಮ್ಮ ಕನ್ನಡಕದ ಮೇಲೆ ಯಾಕೆ ಇಡ್ತಿದ್ದೆ...” ಗೋಡೆಯ ಕಡೆ ತಿರುಗಿದ.

ಅಧ್ಯಾಯವನ್ನು ತಿದ್ದು. ನನ್ನ ಹೆಸರನ್ನು ಮರೆಮಾಡಬೇಡ.

ಇಂತು,
ನಿನ್ನ ತಂದೆಗೆ ಅಕ್ಷರ ಕಲಿಸಿದವನು

ತಾ.ಕ.: ಆ ಗುಮಾಸ್ತನ ತಂಗಿ ಅಂದಿನಿಂದ ಪ್ರತಿ ಗುರುವಾರ ಸಂಜೆ ಐದಕ್ಕೆ ಬರುತ್ತಾಳೆ. “ಆ ಸಾಹೇಬ್ರು ನಿಮ್ಮ ಶಿಷ್ಯರಲ್ವಾ ಮೇಷ್ಟ್ರೇ, ಅಣ್ಣ ಎಲ್ಲಿದ್ದಾನೆ ಅಂತ ಒಂದು ಮಾತು ಕೇಳಿ” ಎನ್ನುತ್ತಿದ್ದಳು. “ಕೇಳ್ತೀನಮ್ಮ” ಎನ್ನುತ್ತಿದ್ದೆ. ನಿನ್ನ ತಂದೆ ಹೋದ ಮೇಲೂ ಬರುವುದನ್ನು ಬಿಡಲಿಲ್ಲ; ಅವನ ಕಚೇರಿಯಲ್ಲಿ ನನಗೆ ಬೇರೆ ಶಿಷ್ಯರಿರಬಹುದೆಂದು ಅವಳ ಆಸೆ. ಇದನ್ನೆಲ್ಲ ಸೋಮವಾರವೇ ಅವಳಿಗೆ ಬರೆದು ಅಂಚೆಗೆ ಹಾಕಿದೆ. ಅವಳ ಕುರ್ಚಿಯನ್ನು ಎಂದಿನಂತೆ ಹಾಕಿಟ್ಟಿದ್ದೇನೆ.

ಗುರುವಾರ, ನವೆಂಬರ್ ೧೯, ಸಂಜೆ ಆರು ಗಂಟೆ ಹತ್ತು ನಿಮಿಷ.